ಚಿಲ್ಲಾದ ನಲವತ್ತು ದಿನ: ತಾಯಿಯ ಹಕ್ಕು, ಮಗುವಿನ ಹಕ್ಕು

(ಸೇಡಂ ತಾಲೂಕಿನ ಆಡಕಿಯಲ್ಲಿ ಜುಮಾ ನಮಾಝ್‌ಗೆ ಮೊದಲು ಕನ್ನಡದಲ್ಲಿ ಮಾಡಿದ ಪ್ರವಚನದ ಸಾರ)



ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಇಂದಿನ ಮಾತು ಬಾಣಂತಿಯರ ಬಗ್ಗೆ. ಗಂಡಸರು ತುಂಬಿರುವ ಮಸೀದಿಯಲ್ಲಿ ಈ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಾಣಂತಿಯ ಊಟ, ಬಟ್ಟೆ ಯಾರ ಜವಾಬ್ದಾರಿ ಎಂದು ಕುರ್‌ಆನ್ ಹೇಳಿದೆಯೋ ಅವರೇ ಇಲ್ಲಿ ಸಾಲಾಗಿ ಕುಳಿತಿದ್ದಾರೆ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಕನ್ನಡದಲ್ಲಿ ಹೇಳುವುದಕ್ಕೂ ಕಾರಣವಿದೆ. ಇದು ಅಚ್ಚಾಗಿ ಮನೆಗೆ ಬಂದಾಗ ಶಾಲೆಗೆ ಹೋಗುವ ನಿಮ್ಮ ಮಗಳು ಅಮ್ಮನಿಗೆ, ದಾದಿಗೆ ಓದಿ ಹೇಳಬಹುದು.

ಹೆರಿಗೆಯಾಯಿತು ಎಂದು ಆಸ್ಪತ್ರೆಯಿಂದ ಫೋನ್ ಬರುತ್ತದೆ. ನಾವು ಕೇಳುವ ಮೊದಲ ಪ್ರಶ್ನೆ ಯಾವುದು? 'ಏನು ಮಗು?' ತಾಯಿ ಹೇಗಿದ್ದಾಳೆ ಎನ್ನುವುದು ಎರಡನೆಯದು, ಎಷ್ಟೋ ಸಲ ಅದನ್ನು ಕೇಳುವುದೇ ಇಲ್ಲ. ಗಂಡು ಎಂದರೆ ಅತ್ತ ಕಡೆ ದನಿ ಏರುತ್ತದೆ. ಹೆಣ್ಣು ಎಂದರೆ ಒಂದು ಕ್ಷಣ ಮೌನ, ಆಮೇಲೆ 'ಹೋಗಲಿ ಬಿಡು, ಅಲ್ಲಾಹನ ಇಚ್ಛೆ'. ಸಹೋದರರೇ, 'ಅಲ್ಲಾಹನ ಇಚ್ಛೆ' ಎನ್ನುವುದು ಒಳ್ಳೆಯ ಮಾತು. ಆದರೆ ಗಂಡು ಹುಟ್ಟಿದಾಗ ಅದನ್ನು ಇಷ್ಟು ಸೋತ ದನಿಯಲ್ಲಿ ಯಾರೂ ಹೇಳುವುದಿಲ್ಲವಲ್ಲ. ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಿಟ್ಟು, ಜನರಿಂದ ಮರೆಯಾಗುವವನ ಚಿತ್ರ ಕುರ್‌ಆನಿನ 16ನೇ ಅಧ್ಯಾಯದ 58, 59ನೇ ಸೂಕ್ತಗಳಲ್ಲಿದೆ. ಅದು ಅಜ್ಞಾನ ಕಾಲದ ಅರಬನ ಚಿತ್ರ. ಫೋನ್ ಹಿಡಿದು ಸುಮ್ಮನಾದ ಆ ಕ್ಷಣದಲ್ಲಿ ನಮ್ಮ ಮುಖ ಯಾರ ಮುಖದಂತಿತ್ತು ಎಂದು ಯೋಚಿಸಿ.

ಆ ಮೌನದ ಬೆಲೆ ತೆರುವವಳು ಬಾಣಂತಿ. ಗಂಡು ಹೆತ್ತವಳಿಗೆ ಅಂಟಿನುಂಡೆ, ತುಪ್ಪ, ಕೋಳಿಸಾರು, ನಲವತ್ತು ದಿನ ಹಾಸಿಗೆ. ಮೂರನೆಯ ಹೆಣ್ಣು ಹೆತ್ತವಳು ಹದಿನೈದನೆಯ ದಿನಕ್ಕೇ ಬಟ್ಟೆ ಒಗೆಯುತ್ತಿರುತ್ತಾಳೆ. ಎಲ್ಲ ಮನೆಗಳೂ ಹೀಗೆ ಎಂದು ನಾನು ಹೇಳುವುದಿಲ್ಲ, ಆದರೆ ಇಂಥ ಮನೆಗಳಿಲ್ಲ ಎಂದು ನೀವೂ ಹೇಳಲಾರಿರಿ. ಮಗು ಹೆಣ್ಣೋ ಗಂಡೋ ಎನ್ನುವುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ ಎಂದು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಅಲ್ಲಾಹನು ಇಚ್ಛಿಸಿದವರಿಗೆ ಹೆಣ್ಣುಮಕ್ಕಳನ್ನೂ ಇಚ್ಛಿಸಿದವರಿಗೆ ಗಂಡುಮಕ್ಕಳನ್ನೂ ನೀಡುತ್ತಾನೆ ಎಂದು 42ನೇ ಅಧ್ಯಾಯದಲ್ಲಿ ಹೇಳುವಾಗ ಮೊದಲು ಬಂದಿರುವುದು ಹೆಣ್ಣಿನ ಹೆಸರು. ಎರಡೂ ಕಡೆ ನೋಡಿದರೆ ಸೊಸೆಯ ತಪ್ಪು ಎಲ್ಲಿಯೂ ಸಿಗುವುದಿಲ್ಲ.

ಇಮ್ರಾನರ ಪತ್ನಿಯ ವಿಷಯ ನಿಮಗೆ ಗೊತ್ತಿದೆ. ಹೊಟ್ಟೆಯಲ್ಲಿರುವ ಮಗುವನ್ನು ಅಲ್ಲಾಹನ ಸೇವೆಗೆ ಮುಡಿಪಿಟ್ಟರು. ಆ ಕಾಲದಲ್ಲಿ ಆರಾಧನಾಲಯದ ಸೇವೆ ಗಂಡುಮಕ್ಕಳದು. ಹುಟ್ಟಿದ್ದು ಹೆಣ್ಣು. 'ಪ್ರಭೂ, ನಾನು ಹೆಣ್ಣನ್ನು ಹೆತ್ತೆನಲ್ಲ' ಎಂಬ ಅರ್ಥದ ಮಾತು ಅವರ ಬಾಯಿಂದ ಬಂತು. ಅಲ್ಲಾಹನು ಆ ಹೆಣ್ಣುಮಗುವನ್ನೇ ಮೆಚ್ಚಿ ಸ್ವೀಕರಿಸಿದನು, ಪ್ರವಾದಿ ಝಕರಿಯ್ಯಾ(ಅ)ರ ಆಶ್ರಯದಲ್ಲಿ ಬೆಳೆಸಿದನು. ಆ ಮಗುವೇ ಮರ್ಯಮ್(ಅ).

ಅದೇ ಮರ್ಯಮರಿಗೆ ಹೆರಿಗೆ ನೋವು ಬಂದದ್ದು ಒಂಟಿಯಾಗಿ, ಖರ್ಜೂರದ ಮರದ ಬುಡದಲ್ಲಿ. ಇದಕ್ಕೆ ಮೊದಲೇ ಸತ್ತು ಎಲ್ಲರ ನೆನಪಿನಿಂದ ಅಳಿಸಿಹೋಗಿದ್ದರೆ ಚೆನ್ನಾಗಿತ್ತು ಎಂದು ಅವರು ನರಳಿದ್ದು 19ನೇ ಅಧ್ಯಾಯದಲ್ಲಿದೆ. ಇಲ್ಲಿ ಸ್ವಲ್ಪ ನಿಲ್ಲಿ. ಇಂಥ ಮಾತು ಇಂದು ನಮ್ಮ ಮನೆಯ ಹುಡುಗಿಯ ಬಾಯಿಂದ ಬಂದರೆ ನಾವು ಏನು ಹೇಳುತ್ತೇವೆ? 'ನಾಶುಕ್ರಿ ಮಾಡಬೇಡ, ಈಮಾನ್ ಗಟ್ಟಿಯಿಲ್ಲ, ಯಾರದೋ ನಜರ್ ಆಗಿದೆ.' ಮರ್ಯಮರಿಗೆ ಇಂಥ ಒಂದು ಗದರಿಕೆಯೂ ಬರಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು. ಕಾಲ ಬುಡದಲ್ಲೇ ನೀರಿನ ತೊರೆ, ಮರ ಅಲುಗಿಸಿದರೆ ಬೀಳುವ ಹಣ್ಣು. ತಿನ್ನು, ಕುಡಿ, ಕಣ್ಣು ತಣಿಸಿಕೋ ಎಂಬ ಆದೇಶ. ಆಮೇಲೆ, ಯಾರಾದರೂ ಎದುರಾದರೆ ಮೌನವ್ರತದಲ್ಲಿದ್ದೇನೆ ಎಂದು ತಿಳಿಸಬೇಕೆಂಬ ಸೂಚನೆ. ಹೆತ್ತವಳು ಜನರ ಪ್ರಶ್ನೆಗಳಿಗೆ ಉತ್ತರ ಕೊಡುವ ಹೊರೆಯನ್ನೂ ಹೊರಬೇಕಾಗಿಲ್ಲ!

ನೀರಿನ ಮಾತು ಬಂದದ್ದಕ್ಕೆ ಒಂದು ವಿಷಯ. ಬಾಣಂತಿಗೆ ನೀರು ಹೆಚ್ಚು ಕೊಡಬಾರದು, ಹೊಟ್ಟೆ ದಪ್ಪವಾಗುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಇನ್ನೂ ಇದೆ. ನಮ್ಮ ಬೇಸಿಗೆ ಹೇಗಿರುತ್ತದೆ ಎಂದು ಸೇಡಂ, ವಾಡಿ, ಶಹಾಬಾದಿನವರಿಗೆ ಹೇಳಬೇಕಾಗಿಲ್ಲ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಕಿಟಕಿ ಮುಚ್ಚಿದ ಕೋಣೆ, ಒಳಗೆ ಲೋಬಾನದ ಹೊಗೆ, ಹಾಲೂಡಿಸುವ ತಾಯಿಗೆ ಅಳತೆಯ ನೀರು. ಇದು ಶರೀಅತ್ತಿನಲ್ಲಿಲ್ಲ, ಯಾವ ಡಾಕ್ಟರೂ ಹೇಳುವುದಿಲ್ಲ. ಬಾಯಾರಿದಷ್ಟೂ ನೀರು ಕೊಡಿ. ಇನ್ನೊಂದು, ನಲವತ್ತು ದಿನ ಎನ್ನುವುದು ನಿಫಾಸಿನ ಗರಿಷ್ಠ ಮಿತಿ ಎಂದು ಹನಫಿ ವಿದ್ವಾಂಸರು ಹೇಳಿದ್ದಾರೆ. ರಕ್ತಸ್ರಾವ ಮೊದಲೇ ನಿಂತರೆ ಸ್ನಾನ ಮಾಡಿ ನಮಾಝ್ ಆರಂಭಿಸಬೇಕು. ಹಾಗೆಂದು ನಮಾಝ್ ಶುರುವಾಯಿತಲ್ಲ, ಇನ್ನು ರೊಟ್ಟಿ ಬಡಿಯಲಿ ಎನ್ನುವಂತಿಲ್ಲ. ನಮಾಝ್ ಬೇರೆ, ಮೈಯ ಶಕ್ತಿ ಬೇರೆ.

ಈಗ ಮನಸ್ಸಿನ ವಿಷಯ. ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು ಬಹಳ ತಾಯಂದಿರಲ್ಲಿ ಕಾಣುತ್ತದೆ, ತಾನೇ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ನಿದ್ದೆಯಿಲ್ಲ, ಊಟ ಸೇರದು, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲ, ಬದುಕು ಬೇಡ ಎನ್ನಿಸುತ್ತಿದೆ ಎಂದಾದರೆ ಅದು ಕಾಯಿಲೆ. ಚಿಕಿತ್ಸೆ ಇರುವ ಕಾಯಿಲೆ. ನಮ್ಮ ನೆರೆಯ ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಬಾಣಂತಿಯರ ಬಗ್ಗೆ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ನೂರಕ್ಕೆ 23 ತಾಯಂದಿರಲ್ಲಿ ಖಿನ್ನತೆ ಕಂಡಿತ್ತು. ಬಡತನ, ಗಂಡನ ಹಿಂಸೆಗಳ ಜೊತೆಗೆ ಹುಟ್ಟಿದ್ದು ಹೆಣ್ಣು ಎನ್ನುವುದೂ ಆ ಅಪಾಯದೊಂದಿಗೆ ತಳುಕು ಹಾಕಿಕೊಂಡಿತ್ತು. ಅಂದರೆ ನಾವು ಫೋನಿನಲ್ಲಿ ಮೌನವಾದದ್ದು ಅಲ್ಲಿಗೇ ಮುಗಿಯುವುದಿಲ್ಲ, ಆ ಕೋಣೆಯೊಳಗೆ ಹೋಗಿ ಕೂರುತ್ತದೆ. ದುಆ ಮಾಡಿ, ಓದಿ ಊದಿ, ಬೇಡ ಎನ್ನುವವನು ನಾನಲ್ಲ. ಜೊತೆಗೆ ಡಾಕ್ಟರ ಹತ್ತಿರವೂ ಕರೆದೊಯ್ಯಿರಿ. 14416 ನಂಬರಿಗೆ ಕರೆ ಮಾಡಿದರೆ ಸರಕಾರದ ಟೆಲಿ ಮಾನಸ್‌ನವರು ಉಚಿತವಾಗಿ ಮಾತನಾಡುತ್ತಾರೆ. ಹೆಸರು ಕೆಡುತ್ತದೆ ಎಂದು ಮುಚ್ಚಿಡುವ ಮನೆಗಳಿಗೆ ಹೇಳುತ್ತೇನೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾವು ಎಲ್ಲರ ಮುಂದೆಯೇ ನುಂಗುತ್ತೇವೆ.

2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ಪತ್ರಿಕೆಗಳಲ್ಲಿ ಓದಿದ್ದೀರಿ. 1994ರ ಕಾಯ್ದೆಯ ಪ್ರಕಾರ ಇದು ಅಪರಾಧ. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು ಯಾವ ತಪ್ಪಿಗಾಗಿ ನಿನ್ನನ್ನು ಕೊಂದರು ಎಂದು ಅಂತ್ಯದಿನ ಕೇಳಲಾಗುತ್ತದೆ ಎಂದು 81ನೇ ಅಧ್ಯಾಯ ಹೇಳುತ್ತದೆ. ಇದಕ್ಕಿಂತ ಹೆಚ್ಚು ವಿವರ ಬೇಕಾಗಿಲ್ಲ.

ಅಕೀಕಾದಲ್ಲಿ ಗಂಡಿಗೆ ಎರಡು ಕುರಿ, ಹೆಣ್ಣಿಗೆ ಒಂದು ಎಂಬ ಹದೀಸನ್ನು ಮುಂದಿಟ್ಟು, ಬೆಲೆಯೂ ಹೀಗೇ ಎನ್ನುವವರಿದ್ದಾರೆ. ಅದು ಕುರಿಯ ಲೆಕ್ಕ, ಮಗುವಿನ ಲೆಕ್ಕವಲ್ಲ. ಮಕ್ಕಳ ಲೆಕ್ಕ ಬೇಕಿದ್ದರೆ ನುಅಮಾನ್ ಬಿನ್ ಬಶೀರ್(ರ)ರ ಹದೀಸ್ ಓದಿ. ಅವರ ತಂದೆ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟಾಗ, ಎಲ್ಲ ಮಕ್ಕಳಿಗೂ ಹೀಗೆ ಕೊಟ್ಟಿದ್ದೀಯಾ ಎಂದು ಪ್ರವಾದಿ(ಸ) ಕೇಳಿದರು. ಇಲ್ಲ ಎಂದಾಗ ಅದಕ್ಕೆ ಸಾಕ್ಷಿಯಾಗಲು ಒಪ್ಪಲಿಲ್ಲ. ಒಂದು ಮೊಟ್ಟೆ ಇದ್ದಾಗ ಅದು ಯಾರ ತಟ್ಟೆಗೆ ಬೀಳುತ್ತದೆ, ಆರು ವರ್ಷದ ಮಗಳ ಕೈಗೆ ಪೊರಕೆ ಬಂದಾಗ ಎಂಟು ವರ್ಷದ ಮಗನ ಕೈಯಲ್ಲಿ ಏನಿರುತ್ತದೆ, ಇವೂ ಅದೇ ಲೆಕ್ಕ. ಹುಡುಗನ ಮೇಲೂ ಹೊರೆ ಕಡಿಮೆಯಿಲ್ಲ. ಬಿದ್ದು ಮಂಡಿ ಕಿತ್ತುಕೊಂಡವನಿಗೆ 'ಹುಡುಗಿ ಹಾಗೆ ಅಳ್ತೀಯಾ' ಎನ್ನುತ್ತೇವೆ. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ) ಎಲ್ಲರೆದುರು ಕಣ್ಣೀರಿಟ್ಟರು, ಅದು ಕಾರುಣ್ಯ ಎಂದರು. ಮೊಮ್ಮಗಳು ಉಮಾಮಾಳನ್ನು ಹೆಗಲ ಮೇಲೆ ಹೊತ್ತುಕೊಂಡೇ ಜನರಿಗೆ ನಮಾಝ್ ಮಾಡಿಸಿದರು, ಸುಜೂದಿಗೆ ಹೋಗುವಾಗ ಇಳಿಸಿ, ಏಳುವಾಗ ಎತ್ತಿಕೊಂಡರು. ಮನೆಯಲ್ಲಿ ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಬಾಣಂತಿ ಇರುವ ಮನೆಯಲ್ಲಿ ನೀರು ತುಂಬಿಸುವುದು, ಮಗುವಿನ ಬಟ್ಟೆ ಒಗೆಯುವುದು ಗಂಡಸಿಗೆ ಅವಮಾನ ಎನ್ನುವವರು ಈ ಸುನ್ನತ್ತನ್ನು ಯಾವ ಕಡತದಲ್ಲಿ ಇಟ್ಟಿದ್ದಾರೋ ಗೊತ್ತಿಲ್ಲ.

2ನೇ ಅಧ್ಯಾಯದ 233ನೇ ಸೂಕ್ತವನ್ನು ಮನೆಗೆ ಹೋಗಿ ಅರ್ಥಸಹಿತ ಓದಿ. ಹಾಲೂಡಿಸುವ ತಾಯಿಯ ಅನ್ನ ಬಟ್ಟೆಯ ಹೊಣೆ ತಂದೆಯದು, ಮಗುವಿನ ನೆಪದಲ್ಲಿ ತಾಯಿಗೆ ತೊಂದರೆಯಾಗಬಾರದು, ಹಾಲು ಬಿಡಿಸುವುದಕ್ಕೂ ಇಬ್ಬರೂ ಸಮಾಲೋಚಿಸಿ ಒಪ್ಪಬೇಕು ಎಂದಿದೆ. ಗಂಡು ಮಗು ಎಂದರೆ ಮಾತ್ರ ಈ ಹೊಣೆ ಎಂಬ ಷರತ್ತು ಅದರಲ್ಲಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳುಹಿಸಬೇಡಿ, ಒಳಗೆ ಬಾಣಂತಿಯ ಹತ್ತಿರ ಕೂರಿಸಿ, ಅತ್ತೆ, ನಾದಿನಿ ಯಾರೂ ಇಲ್ಲದೆ ಹತ್ತು ನಿಮಿಷ ಇಬ್ಬರೇ ಮಾತನಾಡಲಿ. ಹೈದರಾಬಾದ್, ಮುಂಬೈಗೆ ದುಡಿಯಲು ಹೋದ ಯುವಕರು ವಿಡಿಯೋ ಕಾಲ್ ಮಾಡಿದ ಕೂಡಲೇ ಮಗುವಿನ ಮುಖ ತೋರಿಸು ಎನ್ನುತ್ತಾರೆ. ಅದಕ್ಕೂ ಮೊದಲು, ರಾತ್ರಿ ನಿದ್ದೆ ಬಂತಾ, ಇವತ್ತು ಏನು ಊಟ ಮಾಡಿದೆ ಎಂದು ಅವಳನ್ನು ಕೇಳಿ. 'ಹ್ಞೂಂ, ಚೆನ್ನಾಗಿದ್ದೇನೆ' ಎಂದಷ್ಟೇ ಹೇಳಿದರೆ ಇನ್ನೊಂದು ಸಲ ಕೇಳಿ.