ಹಿರಿಯರ ಊರಿಗೆ ಮಕ್ಕಳ ಪಯಣ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಸಾಹಿತಿಗಳಲ್ಲ; ಇತಿಹಾಸವನ್ನು ಅಭ್ಯಾಸ ಮಾಡಿದವರೂ ಅಲ್ಲ. ಬಿ.ಕಾಂ. ಮುಗಿಸಿ, ಈ ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವವರು. ಎರಡು ಮಾತು ಆಡಲೇಬೇಕೆಂದು ಕಾರ್ಯದರ್ಶಿಗಳು ಒತ್ತಾಯಿಸಿದ್ದರಿಂದ, ಕಳೆದ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದ ಪ್ರವಾಸದ ಸಂಗತಿಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ಗಂಡಸರ ಹೆಸರು ನಾಲ್ಕು ತಲೆಮಾರಿನವರೆಗೆ ಸಿಕ್ಕಿತು. ಆಮೇಲೆ ಅವಳು, “ಅಪ್ಪಾ, ಅಜ್ಜಿಯ ಅವ್ವನ ಹೆಸರೇನು?” ಎಂದು ಕೇಳಿದಳು. ನಮಗೆ ಉತ್ತರ ತಿಳಿಯದು. ಖಾತೆ ತೆರೆಯಲು ಬಂದವರಿಗೆಲ್ಲ “ತಾಯಿಯ ಹೆಸರು ಬರೆಯಿರಿ” ಎಂದು ದಿನವೂ ಹೇಳುವವರು ನಾವು! ಅವ್ವನನ್ನೇ ಕೇಳಿದೆವು. ಅವಳು ಹೆಸರು ಹೇಳಿ, “ಇಷ್ಟ ವರ್ಸದಾಗ ಇದನ್ನ ಯಾರೂ ಕೇಳಿದ್ದಿಲ್ಲ ನೋಡಪಾ” ಎಂದಳು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವ್ವ ನಮ್ಮೊಂದಿಗೆ ಇರಲು ಬಂದ ಹೊಸತರಲ್ಲಿ, ಬೆಳಗಿನ ಜಾವ ಎದ್ದು ಬೀಸುವ ಪದ ಹಾಡಿಕೊಳ್ಳುತ್ತಿದ್ದಳು. ನೆರೆಯವರ ನಿದ್ದೆ ಕೆಟ್ಟೀತೆಂದು ನಾವೇ, “ಮೆಲ್ಲಗೆ, ಅವ್ವಾ” ಎಂದೆವು. ಮರುದಿನದಿಂದ ಅವಳು ಹಾಡಲಿಲ್ಲ. ಹೀಗೆ ನಮ್ಮ ಮಕ್ಕಳು ಆ ಹಾಡುಗಳನ್ನು ಕೇಳದೆಯೇ ಬೆಳೆದರು.

ರಜೆ ಬಂದೊಡನೆ ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಯ ಮಾರ್ಗವಾಗಿ ರೈಲಿನಲ್ಲಿ ಹೊರಟೆವು. ಬಾದಾಮಿಯ ಸಮೀಪದ ನಮ್ಮೂರಿನ ಮನೆ ಈಗ ಬೇರೆಯವರದು. ಆದರೂ ಆ ಮನೆಯವರು ನಮ್ಮನ್ನು ಕೂರಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಹಿತ್ತಲಲ್ಲಿ ಬೀಸುವ ಕಲ್ಲೊಂದು ಮೂಲೆಗೆ ಬಿದ್ದಿತ್ತು. “ಇದೇನು?” ಎಂದು ಮಗ ಕೇಳಿದ. ಅವ್ವ ಅದರ ಮೇಲೆ ಕೈ ಇಟ್ಟು ಕುಳಿತಳೇ ಹೊರತು ಮಾತಾಡಲಿಲ್ಲ.

ಮರುದಿನ ಬಾದಾಮಿಗೆ ಹೋದೆವು. 578ರಲ್ಲಿ ಮಂಗಳೇಶನು ಮಾಡಿಸಿದ ಮೂರನೆಯ ಗುಹೆಯನ್ನು ನೋಡಿ ಬೆರಗಾದ ಮಕ್ಕಳು, “ಈ ರಾಜರು ನಮ್ಮ ಹಿರಿಯರೇ?” ಎಂದರು. ಹೌದೆನ್ನಲು ನಾಲಿಗೆ ತುರಿಸಿತು. ಆದರೆ ದಾಖಲೆಯಿಲ್ಲದ್ದನ್ನು ಜಮಾ ಮಾಡುವುದು ನಮ್ಮ ಕಸುಬಿಗೆ ಸಲ್ಲದು. “ಗೊತ್ತಿಲ್ಲ ಮಕ್ಕಳೇ” ಎಂದೆವು.

ಅಗಸ್ತ್ಯ ತೀರ್ಥವೆಂಬ ಕೆರೆಯ ಆಚೆ, ಬಂಡೆಯ ಮೇಲೆ, ಕಪ್ಪೆ ಅರಭಟ್ಟನ ಶಾಸನವಿದೆ. ಕಾಲ ಸುಮಾರು 700. ಒಬ್ಬ ವೀರನ ಗುಣವನ್ನು ಹೇಳುವ ಈ ಹತ್ತು ಸಾಲುಗಳಲ್ಲಿ ಕನ್ನಡದ ಅತಿ ಪ್ರಾಚೀನ ತ್ರಿಪದಿಗಳಿವೆ. ಕಲ್ಲಿನ ಅಕ್ಷರವನ್ನು ನಾವು ಓದಲಾರೆವು. ಕೈಯಲ್ಲಿದ್ದ ಪುಸ್ತಕದಿಂದ ಗಟ್ಟಿಯಾಗಿ ಓದಿದೆವು. ಅವ್ವ, “ತಡಿಯಪಾ, ಇನ್ನೊಮ್ಮೆ ಓದು” ಎಂದಳು. ಓದಿದೆವು. ಅವಳ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿತು. “ಮಾತು ತಿಳಿಯೂದಿಲ್ಲ. ಆದ್ರ ಧಾಟಿ ನಂದ ಐತಿ” ಎಂದವಳೇ, ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟು ಹಾಡಿದಳು.

ಬಂಧುಗಳೇ, ಸರ್ವಜ್ಞನು ಹೇಳಿದ್ದು ಈ ತ್ರಿಪದಿಯಲ್ಲೇ. ನಮ್ಮ ತಾಯಂದಿರು ಬೀಸುತ್ತ ಹಾಡಿದ್ದೂ ಇದರಲ್ಲೇ. ಶಾಲೆಯ ಮುಖ ಕಾಣದ ಅವ್ವನಿಗೆ ಇದು ಬಂದದ್ದು ಅವಳ ಅವ್ವನ ಬಾಯಿಂದ. ಆಕೆಗೆ ಬಂದದ್ದು ಅವಳ ಅವ್ವನಿಂದ. ವಂಶವೃಕ್ಷದಲ್ಲಿ ನಾವು ಹೆಸರು ಬರೆಯದೆ ಬಿಟ್ಟ ಹೆಂಗಸರೇ ಈ ಆಸ್ತಿಯನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಬಂದವರು. ಮಕ್ಕಳಿಗೆ ತೋರಿಸಬೇಕಾಗಿದ್ದ ಹಿರಿಯರು ನಮ್ಮ ಮನೆಯ ಮೂಲೆಯಲ್ಲೇ ಸುಮ್ಮನೆ ಕುಳಿತಿದ್ದರು. ಅದನ್ನು ತಿಳಿಯಲು ನಾವು ಬಾದಾಮಿಯವರೆಗೆ ಹೋಗಬೇಕಾಯಿತು.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದು. ಆದರೆ ಒಂದು ನೋಟುಪುಸ್ತಕ ಕೊಂಡಿದ್ದೇವೆ. ಅವ್ವ ಹೇಳುತ್ತಾಳೆ, ಮಗಳು ತನ್ನ ಸೊಟ್ಟ ಕನ್ನಡ ಅಕ್ಷರದಲ್ಲಿ ಬರೆಯುತ್ತಾಳೆ. ಇಲ್ಲಿಯವರೆಗೆ ಐವತ್ತಮೂರು ಹಾಡುಗಳಾಗಿವೆ. ಕೆಲವಕ್ಕೆ ಎರಡೇ ಸಾಲು. ಮೂರನೆಯದು ಅವ್ವನಿಗೆ ನೆನಪಾಗುತ್ತಿಲ್ಲ. ಐದು ವರ್ಷ ಮೊದಲೇ ಕೇಳಿದ್ದರೆ ನೆನಪಿರುತ್ತಿತ್ತೋ ಏನೋ. ಆ ಸಾಲಿನ ಜಾಗವನ್ನು ಮಗಳು ಖಾಲಿ ಬಿಟ್ಟಿದ್ದಾಳೆ.

ಆದಕಾರಣ ನಮ್ಮ ವಿನಂತಿ ಇಷ್ಟೆ. ಸಾಧ್ಯವಿದ್ದವರು ಮಕ್ಕಳನ್ನು ಊರಿಗೆ ಕರೆದೊಯ್ಯಿರಿ. ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಸಾಧ್ಯವಿಲ್ಲದವರು ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಬಳಿ ಮಕ್ಕಳನ್ನು ಕೂರಿಸಿ, ಅವರ ತಾಯಿಯ ಹೆಸರನ್ನು ಕೇಳಿಸಿರಿ. ನಮ್ಮ ಮನೆಯಲ್ಲಿ ಈಗ ಬೆಳಗಿನ ಜಾವ ಮತ್ತೆ ಹಾಡು ಕೇಳುತ್ತಿದೆ. ಇದುವರೆಗೆ ನೆರೆಯವರಾರೂ ಬಂದು ಬಾಗಿಲು ತಟ್ಟಿಲ್ಲ.