ಬಿಸಿಲಿಗೆ ರಜೆ ಉಂಟಾ?

(ಮಂಗಳೂರು ಹಂಪನಕಟ್ಟೆಯಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಹಂಪನಕಟ್ಟೆಯ ಕೂಡುರಸ್ತೆಯಲ್ಲಿ 2022ರಲ್ಲಿ ರಸ್ತೆ ಅಗೆಯುವಾಗ ಹಳೆಯ ಕಾಲದ ಬಾವಿಯೊಂದು ಹೊರಬಿದ್ದುದು ತಮಗೆಲ್ಲ ನೆನಪಿದ್ದೀತು. ಅದನ್ನು ನೋಡಿದಾಗ ನನಗೆ ತೋರಿದ ಮಾತು ಇಷ್ಟೆ: ನಾಲ್ಕು ದಾರಿ ಕೂಡುವಲ್ಲಿ, ಬಿಸಿಲಲ್ಲಿ ನಡೆದು ಬಂದವನಿಗೆ ಒಂದು ಗಿಂಡಿ ನೀರು, ಕುಳಿತುಕೊಳ್ಳಲು ಒಂದು ಕಟ್ಟೆ ಇರಬೇಕೆಂಬುದು ಹಿಂದಿನವರಿಗೆ ತಿಳಿದಿತ್ತು. ಬಾವಿಯ ಮೇಲೆ ಡಾಮರು ಹಾಕಿದ ನಮಗೆ ಅದು ಮರೆತುಹೋಯಿತು. ಮರೆತದ್ದನ್ನು ನೆನಪಿಸಲು ಈಗ ಬಿಸಿಲೇ ಬಂದಿದೆ.

ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ನಾನು ಬಂದರಿನ ಕಡೆಗೆ ಹೋಗಿದ್ದೆ. ನಾನು ಶಾಲೆಯಲ್ಲಿದ್ದಾಗ ನನ್ನ ಬಳಿ ಲೆಕ್ಕ ಕಲಿತ ಹುಡುಗನ ತಂದೆ ಅಲ್ಲಿ ಮೂಟೆ ಹೊರುವವರು. ತಲೆ ತಿರುಗಿ ಗೋಡೆಗೆ ಒರಗಿ ಕುಳಿತಿದ್ದರು. ನೀರು ಕುಡಿಸಿದೆವು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರು ಕೇಳಿದ್ದು ಆಸ್ಪತ್ರೆಯ ಮಾತಲ್ಲ. "ಮಾಷ್ಟ್ರೇ, ಜೋರು ಮಳೆ ಬಂದರೆ ಶಾಲೆಗೆ ರಜೆ ಕೊಡ್ತಾರೆ. ನಮಗೆ ಬಿಸಿಲಿಗೆ ರಜೆ ಉಂಟಾ?" ಎಂದು ಕೇಳಿದರು. ರಜೆ ಇರಲಿಲ್ಲ. ಕುಳಿತ ಹೊತ್ತಿಗೆ ಅರ್ಧ ದಿನದ ಕೂಲಿ ಕಡಿತವಾಯಿತು. ಅವರ ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಇವತ್ತಿನ ನನ್ನ ಭಾಷಣ.

ನಾನು ವಿಜ್ಞಾನಿಯಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಆದರೆ ಈ ವಿಷಯದ ವಿಜ್ಞಾನ ಮಕ್ಕಳಿಗೂ ತಿಳಿಯುವಷ್ಟು ಸರಳವಾದುದು. ಭೂಮಿಯ ಮೇಲೆ ಬಿದ್ದ ಬಿಸಿಲಿನ ಶಾಖ ತಿರುಗಿ ಆಕಾಶಕ್ಕೆ ಹೋಗಬೇಕು. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯು ಕಂಬಳಿಯಂತೆ ಅದನ್ನು ತಡೆಹಿಡಿಯುತ್ತದೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟಷ್ಟು ಕಂಬಳಿ ದಪ್ಪವಾಗುತ್ತದೆ. ಇದು ನಿನ್ನೆ ಮೊನ್ನೆಯ ಸುದ್ದಿಯಲ್ಲ. ಸ್ವೀಡನ್ ದೇಶದ ಅರೇನಿಯಸ್ ಎಂಬ ವಿಜ್ಞಾನಿ 1896ರಲ್ಲಿಯೇ ಇದರ ಲೆಕ್ಕ ಹಾಕಿದ್ದನು. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ವಾಯು ಸುಮಾರು 280 ಪಾಲು ಇತ್ತು. 1958ರಲ್ಲಿ ಹವಾಯಿ ದ್ವೀಪದ ಪರ್ವತವೊಂದರ ಮೇಲೆ ಅಳತೆ ಆರಂಭಿಸಿದಾಗ ಸುಮಾರು 315 ಇತ್ತು. ಈಗ 420ನ್ನು ದಾಟಿದೆ. 2024ನೆಯ ಇಸವಿ ಅಳತೆ ಆರಂಭವಾದಂದಿನಿಂದ ಅತ್ಯಂತ ಬಿಸಿಯಾದ ವರ್ಷ. ಯಂತ್ರಯುಗಕ್ಕೆ ಮೊದಲಿದ್ದುದಕ್ಕಿಂತ ಭೂಮಿಯ ಸರಾಸರಿ ಉಷ್ಣತೆ ಆ ವರ್ಷ ಒಂದೂವರೆ ಡಿಗ್ರಿಗೂ ಮೇಲೆ ಹೋಯಿತು.

ಒಂದೂವರೆ ಡಿಗ್ರಿ ಎಂದರೆ ಎಷ್ಟು ಮಹಾ ಎಂದು ಕೆಲವರು ನಗುತ್ತಾರೆ. ಮನೆಯಲ್ಲಿ ಮಗುವಿನ ಮೈ ಒಂದೂವರೆ ಡಿಗ್ರಿ ಏರಿದರೆ ಆ ತಾಯಿ ನಗುತ್ತಾಳೆಯೇ? ನಮ್ಮ ಕರಾವಳಿಯ ಬಿಸಿಲು ಬಯಲುಸೀಮೆಯ ಬಿಸಿಲಿನಂಥದಲ್ಲ. ಇಲ್ಲಿ ಗಾಳಿಯಲ್ಲಿ ನೀರಿನ ಪಸೆ ಹೆಚ್ಚು, ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಆದುದರಿಂದಲೇ ಹವಾಮಾನ ಇಲಾಖೆಯವರು ಬಯಲಿನಲ್ಲಿ 40 ಡಿಗ್ರಿಗೆ ಶಾಖದ ಅಲೆಯ ಲೆಕ್ಕ ತೆಗೆದರೆ, ಕಡಲ ಕರೆಯಲ್ಲಿ 37 ಡಿಗ್ರಿಗೇ ತೆಗೆಯುತ್ತಾರೆ. ಮೂಟೆ ಹೊರುವವನ, ಸಾರಣೆ ಕೆಲಸದವನ, ಮೀನಿನ ಬುಟ್ಟಿ ಹೊತ್ತು ಬೀದಿ ಸುತ್ತುವ ಹೆಂಗಸಿನ ಮೈಗೆ ಈ ವ್ಯತ್ಯಾಸ ಯಾವ ಇಲಾಖೆಯೂ ಹೇಳದೆ ಗೊತ್ತು. ಹೆಂಚಿನ ಮಾಡಿನ ಮನೆಯಲ್ಲಿ ಒಂದಿಷ್ಟು ತಂಪು ಇತ್ತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾದ ಊರು ಇದು. ಅಂಥ ಊರಿನಲ್ಲಿ ಇಂದು ಕೂಲಿಯವನು ತಗಡಿನ ಮಾಡಿನ ಬಿಡಾರದಲ್ಲಿ ರಾತ್ರಿಯೂ ಬೇಯುತ್ತಾನೆ.

ಇನ್ನು ಮಳೆಯ ಮಾತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೂ 2016, 2019 ಮತ್ತು 2023ರ ಬೇಸಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿದು, ಮಂಗಳೂರಿನವರು ಸರದಿಯಂತೆ ನೀರು ಹಿಡಿಯಬೇಕಾಯಿತು. ಇದೇ ಊರು 2018ರ ಮೇ 29ರಂದು, ಪತ್ತನಾಜೆ ಕಳೆದು ವಾರವಾಗುವುದರೊಳಗೆ, ಒಂದೇ ದಿನದ ಮಳೆಗೆ ಮುಳುಗಿತು. ಒಂದೇ ಊರಿಗೆ ಬರವೂ ನೆರೆಯೂ ಹೇಗೆ ಬರುತ್ತವೆ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಬಿಸಿಯಾದ ಗಾಳಿ ನೆಲದ ಪಸೆಯನ್ನು ಹೆಚ್ಚಾಗಿ ಹೀರುತ್ತದೆ. ಕೊಡುವಾಗ ತಿಂಗಳ ಮಳೆಯನ್ನು ದಿನದಲ್ಲಿ ಕೊಡುತ್ತದೆ. ಅಡಿಕೆ ತೋಟದವರನ್ನು ಕೇಳಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಎರಡು ದಿನ ಬಿಸಿಲು ಬೇಕು. ಆ ಬಿಸಿಲು ಸಿಗದೆ ಫಸಲು ಉದುರುತ್ತದೆ. ತೋಟದ ಧನಿಗೆ ಹವಾಮಾನ ಆಧಾರಿತ ಬೆಳೆವಿಮೆ ಎಂಬುದೊಂದು ಉಂಟು. ಮರ ಹತ್ತುವವನಿಗೆ, ಅಡಿಕೆ ಸುಲಿಯುವವಳಿಗೆ ತಪ್ಪಿದ ಕೂಲಿಗೆ ಯಾವ ವಿಮೆ ಉಂಟು?

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಮಡಿಕೇರಿಯ ಹಾದಿ ಮುಚ್ಚಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಇಳಿಯಿತು. ಅದೇ ತಿಂಗಳ 30ರಂದು ವಯನಾಡಿನ ಊರುಗಳು ಮಣ್ಣಿನಡಿ ಹೋದವು. ವಯನಾಡಿನ ಆ ಮಳೆ ಹವೆಯ ಬದಲಾವಣೆಯಿಂದಾಗಿ ಸುಮಾರು ನೂರಕ್ಕೆ ಹತ್ತರಷ್ಟು ಜೋರಾಗಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಎಲ್ಲ ತಪ್ಪನ್ನೂ ಆಕಾಶದ ಮೇಲೆ ಹಾಕಿ ಕೈತೊಳೆಯಲು ಬಿಡಬಾರದು. ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲ ಮಾಡಿದವರು ಮನುಷ್ಯರೇ. ಮಳೆ ಜೋರಾಗುವ ಕಾಲದಲ್ಲಿ ಗುಡ್ಡ ಕಡಿಯುವುದೆಂದರೆ ಎರಡು ಪಟ್ಟು ಅಪರಾಧ.

ಕಡಲಿನ ಮಾತೂ ಹಾಗೆಯೇ. 1901ರಿಂದೀಚೆಗೆ ಲೋಕದ ಕಡಲಿನ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಏರುವ ವೇಗವೂ ಹೆಚ್ಚುತ್ತಿದೆ. ಹಿಂದೆ ಬಂಗಾಳ ಕೊಲ್ಲಿಯ ಸುದ್ದಿಯಾಗಿದ್ದ ಚಂಡಮಾರುತ ಈಗ ನಮ್ಮ ಅರಬ್ಬೀ ಸಮುದ್ರದ ಸುದ್ದಿಯೂ ಆಗಿದೆ. 2017ರಲ್ಲಿ ಓಖಿ, 2021ರ ಮೇ ತಿಂಗಳಲ್ಲಿ ತೌಕ್ತೆ ಬಂದವು. ಉಳ್ಳಾಲದಲ್ಲಿ, ಸೋಮೇಶ್ವರ ಉಚ್ಚಿಲದಲ್ಲಿ ಮಳೆಗಾಲ ಬಂತೆಂದರೆ ಜನ ಮನೆಯ ಸಾಮಾನು ಕಟ್ಟಿ ಇಡುತ್ತಾರೆ. ಅಲ್ಲಿಯ ಕೊರೆತಕ್ಕೆ ಏರುವ ಕಡಲೊಂದೇ ಕಾರಣವಲ್ಲ. ಅಳಿವೆ ಬಾಗಿಲಲ್ಲಿ ಕಟ್ಟಿದ ತಡೆಗೋಡೆ, ಹೊಳೆಯಿಂದ ಕಡಲಿಗೆ ಬರಬೇಕಾದ ಮರಳನ್ನು ನಡುವೆಯೇ ಎತ್ತಿದ್ದು, ಇವೂ ಕಾರಣ. ಒಂದು ಕಡೆ ಕಲ್ಲು ಸುರಿದರೆ ಅಲೆ ಪಕ್ಕದ ಮನೆಯನ್ನು ತಿನ್ನುತ್ತದೆ. ಪ್ರತಿ ವರ್ಷ ಕಲ್ಲು ಸುರಿಯುವ ಗುತ್ತಿಗೆ ಉಂಟು. ಮನೆ ಕಳೆದುಕೊಂಡವನಿಗೆ ಗಂಜಿ ಕೇಂದ್ರ ಉಂಟು. ಮನೆ ನಿವೇಶನದ ಹಕ್ಕುಪತ್ರ ಮಾತ್ರ ಮುಂದಿನ ವರ್ಷಕ್ಕೆ. ಮೀನಿನ ವಿಷಯಕ್ಕೆ ಬಂದರೆ, ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ನಾಲ್ಕು ಸಾವಿರ ಟನ್ನಿಗೂ ಕೆಳಗೆ ಇಳಿಯಿತು. ಅತಿಯಾಗಿ ಹಿಡಿದದ್ದೂ ಕಾರಣ, ನೀರು ಬಿಸಿಯಾದದ್ದೂ ಕಾರಣ. ದೊಡ್ಡ ಬೋಟಿನವನು ದೂರದ ಕಡಲಿಗೆ ಹೋದಾನು. ನಾಡದೋಣಿಯವನು ಎಲ್ಲಿಗೆ ಹೋಗಬೇಕು?

ಈಗ ಮುಖ್ಯವಾದ ಪ್ರಶ್ನೆ. ಈ ಸಾಲ ಮಾಡಿದವರು ಯಾರು, ತೀರಿಸುತ್ತಿರುವವರು ಯಾರು?

ನಮ್ಮ ಜಿಲ್ಲೆಯ ಹಿರಿಯರಿಗೆ ಗೇಣಿಯ ಕಾಲ ನೆನಪಿದೆ. ನೆರೆ ಬಂದು ಪೈರು ಕೊಚ್ಚಿಹೋದರೂ ಚಾಲಗೇಣಿ ಒಕ್ಕಲು ಧನಿಯ ಮನೆಗೆ ಅಕ್ಕಿಮುಡಿ ಅಳೆಯಬೇಕಾಗಿತ್ತು. ತಪ್ಪಿದರೆ ಒಕ್ಕಲೆಬ್ಬಿಸುತ್ತಿದ್ದರು. ಲಾಭ ಧನಿಗೆ, ನಷ್ಟ ಒಕ್ಕಲಿಗೆ. ಅದು ದೇವರು ಬರೆದದ್ದು ಎಂದು ನಮ್ಮ ಅಜ್ಜಂದಿರಿಗೆ ಹೇಳಿದ್ದರು. ಹೋರಾಟ ನಡೆಯಿತು. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಅದು ದೇವರು ಬರೆದದ್ದಲ್ಲ, ಮನುಷ್ಯರು ಬರೆದದ್ದು ಎಂಬುದು ಗೊತ್ತಾಯಿತು. ಹವೆಯ ವಿಷಯದಲ್ಲಿ ನಾವು ಇಂದು ಅದೇ ಚಾಲಗೇಣಿಯ ಸ್ಥಿತಿಯಲ್ಲಿದ್ದೇವೆ.

ಲೆಕ್ಕ ನೋಡಿ. ಯಂತ್ರಯುಗದಿಂದ ಇಂದಿನವರೆಗೆ ಸುಟ್ಟ ಇಂಧನದ ಹೊಗೆಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಅಮೆರಿಕವೊಂದರದೇ. ಜಗತ್ತಿನ ಆರರಲ್ಲಿ ಒಬ್ಬನಿಗೆ ಮನೆಯಾದ ಭಾರತದ ಪಾಲು ನೂರಕ್ಕೆ ನಾಲ್ಕರ ಒಳಗೆ. ಇಂದಿಗೂ ಅಮೆರಿಕದ ಒಬ್ಬನ ಹೊಗೆ ವರ್ಷಕ್ಕೆ ಸುಮಾರು 14 ಟನ್. ನಮ್ಮವನದು ಸುಮಾರು 2 ಟನ್. 1992ರಲ್ಲಿ ರಿಯೋ ನಗರದಲ್ಲಿ ಎಲ್ಲ ದೇಶಗಳೂ ಕೂಡಿ, ಹೊಣೆ ಎಲ್ಲರದು, ಆದರೆ ಸಮನಾದುದಲ್ಲ ಎಂದು ಒಪ್ಪಿದವು. ಬಡ ದೇಶಗಳಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರ್ ಒದಗಿಸುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಮಾತು ಕೊಟ್ಟವು. 2020ಕ್ಕೆ ನಡೆಸಬೇಕಾದ ಮಾತು 2022ರಲ್ಲಿ ನಡೆಯಿತು. ಅದರಲ್ಲಿಯೂ ಬಹುಪಾಲು ಸಾಲದ ರೂಪದಲ್ಲಿ. 2015ರ ಪ್ಯಾರಿಸ್ ಒಪ್ಪಂದದಿಂದ ಹೊರನಡೆಯುವುದಾಗಿ ಅಮೆರಿಕ 2025ರಲ್ಲಿ ಎರಡನೆಯ ಸಲ ಘೋಷಿಸಿತು. ಉಂಡೂ ಹೋದ, ಕೊಂಡೂ ಹೋದ ಎಂಬುದು ಇದಕ್ಕೇ ಸರಿ.

ಆದರೆ ಸಂಗಾತಿಗಳೇ, ಇಲ್ಲಿಗೆ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ನಮ್ಮವನ ಎರಡು ಟನ್ ಎಂಬುದು ಸರಾಸರಿ. ಸರಾಸರಿಯ ಮೋಸ ಏನೆಂದು ಲೆಕ್ಕದ ಮಾಷ್ಟ್ರಿಗೆ ಗೊತ್ತು. ನಾಲ್ಕು ಕಾರು, ಕೋಣೆಗೊಂದು ತಂಪುಯಂತ್ರ ಇಟ್ಟುಕೊಂಡವನ ಹೊಗೆಯನ್ನೂ, ಒಂದು ಬಲ್ಬಿನ ಬಿಡಾರದವನ ಹೊಗೆಯನ್ನೂ ಕೂಡಿಸಿ ಭಾಗಿಸಿದರೆ ಬರುವುದು ಸರಾಸರಿ. ಇಡೀ ಲೋಕದ ಲೆಕ್ಕ ತೆಗೆದರೆ, ಮೇಲಿನ ಹತ್ತರಲ್ಲಿ ಒಂದು ಪಾಲು ಜನರಿಂದ ಸುಮಾರು ಅರ್ಧ ಹೊಗೆ. ಕೆಳಗಿನ ಅರ್ಧ ಜನರಿಂದ ಎಂಟರಲ್ಲಿ ಒಂದು ಪಾಲಿನಷ್ಟು. ನಮ್ಮ ಧನಿಕರು ಹೊರದೇಶದ ಸಭೆಯಲ್ಲಿ ಬಡವನ ಬೆನ್ನ ಹಿಂದೆ ನಿಂತು ಮಾತನಾಡಿ, ಊರಿಗೆ ಬಂದು ಅದೇ ಬಡವನ ತಲೆಯ ಮೇಲೆ ಕುಳಿತುಕೊಳ್ಳಲು ಬಿಡಬಾರದು.

ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. 2008ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಬಂತು. 2070ರೊಳಗೆ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುವುದಾಗಿ 2021ರಲ್ಲಿ ಘೋಷಿಸಿದರು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವಾಟಿನ ಸೌರ ವಿದ್ಯುತ್ ಕೇಂದ್ರವೆದ್ದಿತು. ಒಳ್ಳೆಯದೇ. ನಮ್ಮ ಪಕ್ಕದ ಯೆಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲು ಸುಡಲು ಕಟ್ಟಿದ 1200 ಮೆಗಾವಾಟಿನ ಸ್ಥಾವರಕ್ಕಿಂತ ಬಿಸಿಲಿನ ವಿದ್ಯುತ್ ಮೇಲು. ಆದರೆ ಪಾವಗಡದಲ್ಲಿಯೂ ಹಳೆಯ ಪಾಠವೇ ಕಾಣುತ್ತದೆ. ಭೂಮಿ ಇದ್ದವನಿಗೆ ಎಕರೆಗೆ ಇಷ್ಟೆಂದು ಗೇಣಿ ಬರುತ್ತದೆ; ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಗೇಣಿಯೂ ಇಲ್ಲ, ಹೊಲದ ಕೆಲಸವೂ ಇಲ್ಲ. ಕಲ್ಲಿದ್ದಲು ಹೋಗಿ ಸೂರ್ಯ ಬಂದರೆ ಸಾಲದು. ಸೂರ್ಯನಿಗೂ ಹೊಸ ಧನಿಗಳು ಹುಟ್ಟಬಾರದು.

ಹಾಗಾದರೆ ಈ ಊರಿನಲ್ಲಿ ನಾವು ಕೇಳಬೇಕಾದುದು ಏನು? 2070ರವರೆಗೆ ಕಾಯಬೇಕಾದ ಬೇಡಿಕೆ ಒಂದೂ ಇಲ್ಲ.

ಮೊದಲನೆಯದು, ಬಿಸಿಲಿನ ಹೊತ್ತಿನ ವಿರಾಮ. ತಲಪಾಡಿ ದಾಟಿದರೆ ಕೇರಳ. ಅಲ್ಲಿ ಬೇಸಗೆಯಲ್ಲಿ ಬಯಲಿನಲ್ಲಿ ದುಡಿಯುವವರಿಂದ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ಮಾಡಿಸಬಾರದೆಂದು ಕಾರ್ಮಿಕ ಇಲಾಖೆ ಆಜ್ಞೆ ಹೊರಡಿಸುತ್ತದೆ. ನಮ್ಮ ರಾಜ್ಯದಲ್ಲಿಯೂ ಕಲಬುರಗಿಯ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಉಂಟು. ಫ್ಯಾನಿನ ಕೆಳಗೆ ಕುಳಿತವರಿಗೆ ಕೊಟ್ಟ ರಿಯಾಯಿತಿಯನ್ನು ಮೂಟೆ ಹೊರುವವನಿಗೆ ಕೊಡಲು ಏನು ಅಡ್ಡಿ? ವಿರಾಮ ಕೊಡಬೇಕು, ಆ ಹೊತ್ತಿನ ಕೂಲಿ ಕಡಿಯಬಾರದು. ಕೂಲಿ ಕಡಿದು ಕೊಡುವ ವಿರಾಮಕ್ಕೆ ಉಪವಾಸವೆಂದು ಹೆಸರು.

ಎರಡನೆಯದು, ನೀರು ಮತ್ತು ನೆರಳು. ಬಸ್ಸು ನಿಲ್ಲುವಲ್ಲಿ, ಮಾರ್ಕೆಟ್ಟಿನಲ್ಲಿ, ಧಕ್ಕೆಯಲ್ಲಿ ಕುಡಿಯುವ ನೀರೂ ನೆರಳೂ ಇರಬೇಕು. ಊರಿನ ಬಾವಿ, ಕೆರೆಗಳಿಗೆ ಮಳೆನೀರು ಇಂಗಿಸಬೇಕು. ನೀರು ಕಡಿಮೆಯಾದ ವರ್ಷ ಗುಡ್ಡದ ಮೇಲಿನ ಬಡಾವಣೆಯ ನಲ್ಲಿ ಮೊದಲು ಒಣಗಿ, ದೊಡ್ಡ ಕಟ್ಟಡದ ಟ್ಯಾಂಕು ತುಂಬಿರುವುದು ನ್ಯಾಯವಲ್ಲ.

ಮೂರನೆಯದು, ಕಡಲ ಕರೆಯ ಮನೆಗಳು. ಕಲ್ಲು ಸುರಿಯುವ ಮೊದಲು, ಮುಂದಿನ ಮಳೆಗಾಲದ ಮೊದಲು, ಮನೆ ಹೋದವರಿಗೂ ಹೋಗಲಿರುವವರಿಗೂ ಕಡಲಿಗೆ ಹತ್ತಿರವೇ ಸುರಕ್ಷಿತ ನಿವೇಶನ ಕೊಡಬೇಕು. ಮೊಗವೀರನನ್ನೂ ಬ್ಯಾರಿಯನ್ನೂ ಹತ್ತು ಮೈಲಿ ಒಳಗೆ ತಂದು ಬಿಟ್ಟರೆ ಮನೆ ಕೊಟ್ಟು ಹೊಟ್ಟೆ ಕಸಿದಂತೆ.

ನಾಲ್ಕನೆಯದು, ಬಸ್ಸು. ಎಪ್ಪತ್ತು ಜನ ಒಂದು ಬಸ್ಸಿನಲ್ಲಿ ಹೋದರೆ ಎಷ್ಟು ಕಾರಿನ ಹೊಗೆ ಉಳಿಯಿತೆಂದು ಮಕ್ಕಳೂ ಲೆಕ್ಕ ಹಾಕಿಯಾರು. 2023ರಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಆದರೆ ನಮ್ಮಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಬೀಡಿ ಕಟ್ಟುವ ಹೆಂಗಸು ಬ್ರಾಂಚಿಗೆ ಹೋಗಿಬರಲು ಹಣ ಕೊಡಲೇಬೇಕು. ಇಲ್ಲಿ ಸರಕಾರಿ ಬಸ್ಸು ಹೆಚ್ಚಿಸುವುದು ಬಡವರ ಬೇಡಿಕೆಯೂ ಹೌದು, ಹವೆ ಉಳಿಸುವ ಬೇಡಿಕೆಯೂ ಹೌದು.

ಈ ನಾಲ್ಕರಿಂದ ಲೋಕದ ಬಿಸಿ ಇಳಿಯುತ್ತದೆಯೇ ಎಂದು ಯಾರಾದರೂ ಕೇಳಬಹುದು. ಬಸ್ಸೊಂದನ್ನು ಬಿಟ್ಟರೆ ಇಳಿಯುವುದಿಲ್ಲ. ಬಿಸಿ ಇಳಿಯಬೇಕಾದರೆ ಲೋಕದ ದೊಡ್ಡ ಒಲೆಗಳು ಆರಬೇಕು. ಅದು ದೊಡ್ಡ ಹೋರಾಟ, ದೀರ್ಘ ಹೋರಾಟ. ಆದರೆ ಹಾಗೆ ಹೋರಾಡಬೇಕಾದ ಮನುಷ್ಯ ಅಲ್ಲಿಯವರೆಗೆ ಬದುಕಿರಬೇಕಲ್ಲ. ತನ್ನ ಮೈಯ ಬೆವರಿಗೆ ನ್ಯಾಯ ಕೇಳಲು ಕಲಿತವನೇ ನಾಳೆ ಆ ಒಲೆಗಳ ಲೆಕ್ಕವನ್ನೂ ಕೇಳುತ್ತಾನೆ. ಗೇಣಿಯ ರಸೀದಿ ಕೊಡಿ ಎಂದು ಧನಿಯ ಅಂಗಳದಲ್ಲಿ ನಿಂತು ಕೇಳಿದ ಒಕ್ಕಲೇ ಕೊನೆಗೆ ಭೂಮಿಯನ್ನೂ ಕೇಳಿದ್ದು.

ಬಂದರಿನ ಆ ಹಿರಿಯರಿಗೆ ನಾನು ಅಂದು ಉತ್ತರ ಕೊಡಲಿಲ್ಲ. ಇವತ್ತು ಅವರು ಈ ಸಭೆಯಲ್ಲಿ, ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ಅಣ್ಣಾ, ಬಿಸಿಲಿಗೆ ರಜೆ ಈಗ ಇಲ್ಲ. ಮಳೆಯ ರಜೆ ಜಿಲ್ಲಾಧಿಕಾರಿಗಳ ಒಂದು ಆಜ್ಞೆಯಿಂದ ಬರುತ್ತದೆ. ಬಿಸಿಲಿನ ರಜೆಯೂ ಒಂದು ಆಜ್ಞೆಯಿಂದಲೇ ಬರಬೇಕು. ಆ ಆಜ್ಞೆ ಬೇಕೆಂಬ ಮನವಿ ಇಲ್ಲಿ ಮೇಜಿನ ಮೇಲಿದೆ. ತಾವು ಮೊದಲ ರುಜು ಹಾಕಬೇಕು. ಎರಡನೆಯದು ನನ್ನದು. ಉಳಿದವರು ಸಾಲಾಗಿ ಬನ್ನಿ.