ಬಾನುಲಿ ಜಾಹೀರಾತು ಮತ್ತು ನಮ್ಮೂರ ಕೇಳುಗ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ಹೊಸಪೇಟೆಯೊಂದಿಗೆ ಸೇರಿ ವಿಜಯನಗರ ಜಿಲ್ಲೆಯಾದವು. ನೀವು ಈ ಭಾಗದವರಾದರೆ ಹೊಸಪೇಟೆ ಆಕಾಶವಾಣಿಯ 100.5 ಮೆಗಾಹರ್ಟ್ಸ್ ನಿಮಗೆ ಹೊಸದಲ್ಲ. ಬಾನುಲಿಯಲ್ಲಿ ಎರಡು ಹಾಡುಗಳ ನಡುವೆ ಬರುವ ಜಾಹೀರಾತನ್ನು ಎಲ್ಲರೂ ಕೇಳಿರುತ್ತೇವೆ. ಅಲ್ಲಿ ಮಾರಾಟವಾಗುವ ವಸ್ತು ಯಾವುದು? ಬಿತ್ತನೆ ಬೀಜ, ಸೀರೆ, ಸೋಪು ಎಂದು ನೀವು ಹೇಳಬಹುದು. ಆದರೆ ಅದಕ್ಕೂ ಮೊದಲು ಮಾರಾಟವಾಗಿರುವುದು ನಿಮ್ಮ ಗಮನ. ಬಾನುಲಿ ಕೇಂದ್ರವು ತನ್ನ ಸಮಯವನ್ನು ಹತ್ತು ಸೆಕೆಂಡಿನ ಲೆಕ್ಕದಲ್ಲಿ ಮಾರುತ್ತದೆ. ಕೊಳ್ಳುವವರು ಆ ಸಮಯದಲ್ಲಿ ಕೇಳುವ ಕಿವಿಗಳಿಗಾಗಿ ಹಣ ಕೊಡುತ್ತಾರೆ.

ಈ ವ್ಯಾಪಾರಕ್ಕೆ ನೂರು ವರ್ಷ ತುಂಬಿದೆ. 1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯೂ.ಇ.ಎ.ಎಫ್. ಕೇಂದ್ರ ಹಣ ಪಡೆದು ಮನೆಗಳ ಜಾಹೀರಾತನ್ನು ಪ್ರಸಾರ ಮಾಡಿತು. ನಮ್ಮ ಆಕಾಶವಾಣಿ ಬಹುಕಾಲ ಜಾಹೀರಾತನ್ನು ದೂರವಿಟ್ಟಿತ್ತು. ಆಗ ಭಾರತದ ಕಂಪನಿಗಳು ರೇಡಿಯೋ ಸಿಲೋನಿನ ಮೊರೆ ಹೋದವು. 1952ರಲ್ಲಿ ಅಲ್ಲಿಂದ ಆರಂಭವಾದ, ಅಮೀನ್ ಸಯಾನಿಯವರು ನಡೆಸಿಕೊಟ್ಟ ‘ಬಿನಾಕಾ ಗೀತಮಾಲಾ’ದ ಹೆಸರಿನಲ್ಲಿಯೇ ಟೂತ್‌ಪೇಸ್ಟಿನ ಹೆಸರು ಸೇರಿತ್ತು. ಕೊನೆಗೆ 1967ರ ನವೆಂಬರ್ 1ರಂದು ಮುಂಬಯಿ, ಪುಣೆ, ನಾಗಪುರಗಳ ವಿವಿಧ ಭಾರತಿಯಲ್ಲಿ ಜಾಹೀರಾತು ಪ್ರಸಾರ ಪ್ರಾರಂಭವಾಯಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿಯೊಂದಿಗೆ ಖಾಸಗಿ ಎಫ್.ಎಂ. ಯುಗ ತೆರೆಯಿತು. ಖಾಸಗಿ ಕೇಂದ್ರಕ್ಕೆ ಜಾಹೀರಾತೇ ಅನ್ನ.

ಇನ್ನು ಈ ಉದ್ಯಮದ ಪತ್ರಿಕೆಗಳ ವಿಷಯ. ಮಾತು ಗಾಳಿಯಲ್ಲಿ ಕರಗುತ್ತದೆ, ಲೆಕ್ಕ ಕಾಗದದ ಮೇಲೆ ನಿಲ್ಲಬೇಕು. ಆದ್ದರಿಂದ ಈ ವ್ಯಾಪಾರ ಬೆಳೆದಂತೆ ಅದಕ್ಕೆ ಬೇಕಾದ ಮುದ್ರಿತ ಸಾಮಗ್ರಿಯೂ ಬೆಳೆಯಿತು. ಅಮೆರಿಕದಲ್ಲಿ 1931ರಿಂದ ‘ಬ್ರಾಡ್‌ಕಾಸ್ಟಿಂಗ್’ ಎಂಬ ಉದ್ಯಮ ಪತ್ರಿಕೆ ಹೊರಬಂದಿತು. ಯಾವ ಕೇಂದ್ರದ ಶಕ್ತಿ ಎಷ್ಟು, ಅದರ ಒಡೆಯರು ಯಾರು ಎಂಬ ವಿವರವನ್ನು ಅದರ ವಾರ್ಷಿಕ ಸಂಪುಟಗಳು ಕೊಡುತ್ತಿದ್ದವು. ನಮ್ಮಲ್ಲಿ 1935ರಿಂದ ‘ದಿ ಇಂಡಿಯನ್ ಲಿಸನರ್’ ಕಾರ್ಯಕ್ರಮಗಳ ಪಟ್ಟಿಯನ್ನು ಪ್ರಕಟಿಸಿತು. 1958ರಲ್ಲಿ ಅದು ‘ಆಕಾಶವಾಣಿ’ ಎಂಬ ಹೆಸರು ಪಡೆಯಿತು. ಅದು ಕೇಳುಗರ ಕೈಗೆ ಬರುತ್ತಿದ್ದ ಪತ್ರಿಕೆ. ಉದ್ಯಮದ ಪತ್ರಿಕೆಗಳು, ದರಪಟ್ಟಿಗಳು, ಸಮೀಕ್ಷೆಗಳು ಮಾತ್ರ ಕೊಳ್ಳುವವರ ಮತ್ತು ಮಾರುವವರ ನಡುವೆಯೇ ಓಡಾಡುತ್ತವೆ. ಜಾಹೀರಾತು ಪ್ರಸಾರವಾಯಿತು ಎಂಬುದಕ್ಕೂ ಜಾಹೀರಾತುದಾರರಿಗೆ ಪ್ರಮಾಣಪತ್ರ ಸಿಗುತ್ತದೆ. ಎಲ್ಲರ ಬಳಿಯೂ ಕಾಗದವಿದೆ, ಕೇಳುಗನೊಬ್ಬನನ್ನು ಬಿಟ್ಟು.

ಆ ಕಾಗದಗಳಲ್ಲಿ ನಮ್ಮ ಐದು ತಾಲ್ಲೂಕುಗಳ ಸ್ಥಾನವೇನು? 2007ರಲ್ಲಿ ಟ್ಯಾಮ್ ಸಂಸ್ಥೆ ರೇಡಿಯೋ ಕೇಳುಗರ ಎಣಿಕೆಯನ್ನು ಆರಂಭಿಸಿತು. ಆರಿಸಿದ ಕೆಲವರು ಯಾವ ಹೊತ್ತಿನಲ್ಲಿ ಯಾವ ಕೇಂದ್ರ ಕೇಳಿದರೆಂದು ದಿನಚರಿಯಲ್ಲಿ ಬರೆಯುವುದು ಅದರ ವಿಧಾನ. ಆ ಎಣಿಕೆ ನಡೆದದ್ದು ಮುಂಬಯಿ, ದೆಹಲಿ, ಬೆಂಗಳೂರು, ಕೊಲ್ಕತ್ತಾ ಎಂಬ ನಾಲ್ಕು ಮಹಾನಗರಗಳಲ್ಲಿ. ಹಡಗಲಿಯಲ್ಲಿ ಮಲ್ಲಿಗೆ ಬಿಡಿಸುತ್ತಾ ಹಾಡು ಕೇಳುವ ಹೆಣ್ಣುಮಗಳು ಅದರಲ್ಲಿಲ್ಲ. ಕೊಟ್ಟೂರಿನ ಮಂಡಕ್ಕಿ ಅಂಗಡಿಯಾತ ಇಲ್ಲ, ಹರಪನಹಳ್ಳಿಯ ಮೆಕ್ಕೆಜೋಳದ ರೈತನೂ ಇಲ್ಲ. ಎಣಿಕೆಗೆ ಬಾರದವನ ಅಗತ್ಯ ಜಾಹೀರಾತು ಬರೆಯುವವರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಪೇಟೆಗಾಗಿ ಬರೆದ ಮಾತು ಹಳ್ಳಿಗೂ ಬರುತ್ತದೆ, ಅಷ್ಟೆ.

ಇದರಿಂದ ನಷ್ಟವೇನು ಎಂದು ಕೇಳಬಹುದು. ಮುಂಗಾರಿನ ಹೊತ್ತಿಗೆ ಬೀಜದ ಜಾಹೀರಾತೊಂದು ಎಕರೆಗೆ ಇಷ್ಟು ಇಳುವರಿ ಖಚಿತ ಎಂದಿತೆಂದುಕೊಳ್ಳಿ. ರೈತ ಸಾಲ ಮಾಡಿ ಕೊಂಡ, ಬೆಳೆ ಕೈಕೊಟ್ಟಿತು. ಪತ್ರಿಕೆಯ ಜಾಹೀರಾತಾದರೆ ಕತ್ತರಿಸಿ ಇಡಬಹುದಿತ್ತು. ಕಿವಿಯಲ್ಲಿ ಕೇಳಿದ ಮಾತಿಗೆ ಸಾಕ್ಷಿ ಎಲ್ಲಿ? ಕಾನೂನೇನೋ ಇದೆ. ಮಧುಮೇಹ, ಕ್ಯಾನ್ಸರ್ ಮುಂತಾದ ರೋಗಗಳನ್ನು ಗುಣಪಡಿಸುವ ಮದ್ದೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ. ಎತ್ತರ ಹೆಚ್ಚಿಸುವ ಮದ್ದಿನ ಜಾಹೀರಾತಿಗೂ ಅದೇ ನಿಷೇಧ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಆದರೆ ದೂರು ಕೊಡಲು ವಿವರ ಬೇಕು.

ಆದ್ದರಿಂದ ನಿಮಗೊಂದು ಕೆಲಸ. ಒಂದು ವಾರ, ದಿನಕ್ಕೆ ಅರ್ಧ ಗಂಟೆ ಬಾನುಲಿ ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ವೇಳೆ, ಕೇಂದ್ರ, ವಸ್ತು, ಹೇಳಿದ ಮಾತು ಎಂದು ಐದು ಅಂಕಣ ಎಳೆಯಿರಿ. ಆರನೆಯದರಲ್ಲಿ ಹೇಳದೆ ಬಿಟ್ಟದ್ದನ್ನು ಬರೆಯಿರಿ: ಬೆಲೆಯೇ, ಷರತ್ತೇ, ಅಪಾಯವೇ? ಊರಿನ ಅಂಗಡಿಯ ಜಾಹೀರಾತು ಎಷ್ಟು, ಹೊರಗಿನದು ಎಷ್ಟು ಎಂದು ಎಣಿಸಿ. ಮನೆಯಲ್ಲಿ ಯಾರಾದರೂ ಜಾಹೀರಾತು ನಂಬಿ ಏನನ್ನಾದರೂ ಕೊಂಡರೆ ರಸೀದಿಯನ್ನು ಆ ಪುಟಕ್ಕೆ ಅಂಟಿಸಿಡಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಆ ಪುಟ ನಿಮ್ಮ ಮುಂದಿರಲಿ.

ಜಾಹೀರಾತು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸಂಜೆಯೊಳಗೆ ಬಾಡುವ ಮಲ್ಲಿಗೆಗೆ ಹತ್ತು ಸೆಕೆಂಡಿನ ಒಂದು ಮಾತು ಗಿರಾಕಿಯನ್ನು ತಂದುಕೊಡಬಲ್ಲದು. ಆ ಮಾತನ್ನು ಬರೆಯುವವರು ನಾಳೆ ನಿಮ್ಮಲ್ಲಿಯೇ ಒಬ್ಬರಾಗಬಹುದು. ಆಗ ನಿಮ್ಮೂರಿನ ಕೇಳುಗನನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅಲ್ಲಿಯವರೆಗೆ ನಿಮ್ಮ ಲೆಕ್ಕವನ್ನು ನೀವೇ ಇಟ್ಟುಕೊಳ್ಳಿ.